ನಾಕು ಕಿಲೋಮೀಟರ್ ದೂರದ ಹುಡುಗ

"ಒಂಬತ್ತನೇತ್ತ ದಾಟಲಾರದ ಮಗನ ಕೈಯಾಗ ಕಂಪ್ಯೂಟರ್ ಕೊಟ್ರ ಇನ್ನೇನಾಗ್ತದ? ಮಂದಿ ಹೆಣ್ಮಕ್ಕಳ ಹೆಸರು ಮಾರಿ ಹೊಟ್ಟಿ ಹೊರಕೋತಾನ!"

ಚಂದ್ರಾಮಪ್ಪ ಈ ಮಾತನ್ನು ಅಂಗಡಿಯೊಳಗೆ ಬಂದು ಹೇಳಲಿಲ್ಲ. ಶಹಾಪುರ ಬಸ್‌ಸ್ಟ್ಯಾಂಡಿನ ಎದುರು ರಾಜಾಸಾಬನ ಆನ್‌ಲೈನ್ ಸೆಂಟರಿನ ಮೆಟ್ಟಿಲ ಕೆಳಗೆ, ಪಹಣಿಗೆಂದು ಸಾಲು ನಿಂತವರಿಗೆ, ಲಾಲಮ್ಮನ ಚಹಾದ ಬಂಡಿಗೆ, ವಡಗೇರಾ ಬಸ್ಸಿಗೆ ಕಾದು ಕುಂತವರಿಗೆ, ಎಲ್ಲರಿಗೂ ಒಂದೇ ಸಲ ಕೇಳುವಂಥ ಜಾಗ ಆರಿಸಿಕೊಂಡು ನಿಂತು ಹೇಳಿದ. ಭೀಮರಾಯನಗುಡಿಯ ನೀರಾವರಿ ಕ್ಯಾಂಪಿನಲ್ಲಿ ಕಾಲುವೆ ಗುಮಾಸ್ತನಾಗಿ, ನೀರಿನ ಜಗಳಕ್ಕೆ ಬರುವವರ ಎದುರು ಏರಿಸಿ ಏರಿಸಿ ಗಟ್ಟಿಯಾದ ದನಿ ಅದು.

ಒಳಗೆ ಕೀಬೋರ್ಡಿನ ಮೇಲಿದ್ದ ಮರಿಲಿಂಗನ ಬೆರಳುಗಳು ನಿಂತವು. ಕಿವಿ ಬಿಸಿಯಾಯಿತು. ಎದ್ದು ಬಾಗಿಲಿಗೆ ಬಂದ.

"ಯಾರಿಗಂದ್ರಿ ಸರ್?"

"ನಿನಗೇ ಅಂದೆ. ಇಲ್ಲಿ ಮತ್ಯಾವ ಮಾರಾಟಗಾರ ಕುಂತಾನ?"

ಚಂದ್ರಾಮಪ್ಪ ಜೇಬಿನಿಂದ, ಮಗಳ ಮೇಲ್ ಕೂಡ ಬರುವ ತನ್ನ ಫೋನು ತೆಗೆದ. ಕಣ್ಣಿಂದ ದೂರ ಹಿಡಿದು, ಮೊದಲಿಗಿದ್ದ ಮಗಳ ಹೆಸರನ್ನು ನುಂಗಿಕೊಂಡು, ಉಳಿದದ್ದನ್ನು ನೋಟಿಸು ಓದಿದ ಹಾಗೆ ಓದಿದ. "ಒಂಟಿಯಾಗಿದ್ದೀರಾ? ನಿಮ್ಮಿಂದ ನಾಲ್ಕು ಕಿಲೋಮೀಟರ್ ದೂರದಲ್ಲಿರುವ ಹುಡುಗನೊಬ್ಬ ನಿಮ್ಮೊಂದಿಗೆ ಮಾತಾಡಲು ಕಾಯುತ್ತಿದ್ದಾನೆ." ಫೋನು ಇಳಿಸಿದ. "ಕೇಳಿದ್ರೇನು? ನಮ್ಮ ಕ್ಯಾಂಪಿನ ಗೇಟಿಂದ ನಾಕು ಕಿಲೋಮೀಟರ್ ಅಂದ್ರ ಎಲ್ಲಿಗಿ ಬರ್ತದ? ಗಾಡಿ ಮೀಟರ್ ನೋಡಕೋತ ಬಂದೀನಿ. ಬರೋಬ್ಬರಿ ಇದೇ ಮೆಟ್ಟಿಲಿಗಿ ಬಂದು ನಿಂತದ!"

ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ನಕ್ಕದ್ದು ಚಂದ್ರಾಮಪ್ಪನ ಲೆಕ್ಕಕ್ಕೋ ತನಗೋ ಮರಿಲಿಂಗನಿಗೆ ತಿಳಿಯಲಿಲ್ಲ. ತನಗೇ ಎಂದುಕೊಂಡ.

"ನಾ ಕಳಿಸಿಲ್ರಿ. ಅವೆಲ್ಲ ಮಷೀನ್ ಕಳಸ್ತಾವ."

"ಮಷೀನಿಗಿ ನನ್ನ ಮಗಳ ಹೆಸರು ಹೇಳಿದವ್ರ್ಯಾರು? ಮೇಲ್ ಐಡಿ ಮಾಡಿದವ ನೀ. ಪಾಸ್‌ವರ್ಡ್ ಇಟ್ಟವ ನೀ. ಗ್ವಾಡಿಗಿ ಏನ್ ಹಚ್ಚೀರಿ, ಜರಾ ಓದು!"

ಗೋಡೆಯ ಹಾಳೆ ಓದುವುದು ಬೇಕಿರಲಿಲ್ಲ. 'ನಿಮ್ಮ ಮಾಹಿತಿ ಇಲ್ಲಿ ಗುಪ್ತವಾಗಿರುತ್ತದೆ.' ಮರಿಲಿಂಗನೇ ದಪ್ಪ ಅಕ್ಷರದಲ್ಲಿ ಟೈಪು ಮಾಡಿ, ಸುತ್ತ ಹೂಬಳ್ಳಿಯ ಅಂಚು ಕೊಟ್ಟು ಹಚ್ಚಿದ್ದ.

ರಾಜಾಸಾಬ ಹಿಂದಿನಿಂದ ಓಡಿಬಂದ. "ಸಾಹೇಬ್ರ, ಗರಂ ಆಗಬ್ಯಾಡ್ರಿ. ಹುಡುಗ ಅವ. ಲೇ ಮರ್ಯಾ, ಆ ಮೇಲ್ ಬಂದ್ ಮಾಡಿಬಿಡು."

"ನನ್ನೆದುರಿಗೇ ಮಾಡ್ಲಿ. ಫೋನಿನಾಗಿಂದನೂ ತಗೀಲಿ. ಆಕೀ ಸಿಮ್ ಮುರದು ಒಲಿಗಿ ಹಾಕೀನಿ. ಓದೂ ಬ್ಯಾಡ, ಹಾಸ್ಟೆಲೂ ಬ್ಯಾಡ. ಇನ್ನ ಹೊಸ್ತಿಲ ದಾಟಸಂಗಿಲ್ಲ."

ಮರಿಲಿಂಗ ಕುರ್ಚಿಗೆ ಮರಳಿ ಕುಂತ. ಹೋದ ತಿಂಗಳು ಚಂದ್ರಾಮಪ್ಪನ ಮಗಳು ದೇವಕಿ ಇದೇ ಮೇಜಿನ ಆ ಬದಿಗೆ ನಿಂತಿದ್ದಳು. ರಾಯಚೂರಿನ ಒಂದು ಟ್ರಸ್ಟಿನವರು ಲ್ಯಾಬ್ ಕೆಲಸದ ತರಬೇತಿ ಕೊಡುತ್ತಾರೆ, ಇರಲಿಕ್ಕೆ ಹಾಸ್ಟೆಲು, ಮುಗಿದ ಮೇಲೆ ಆಸ್ಪತ್ರೆಯಲ್ಲಿ ನೌಕರಿ. ಅದನ್ನು ಅವಳೇ ಒಂದು ವೆಬ್‌ಸೈಟಿನಲ್ಲಿ ಹುಡುಕಿಕೊಂಡು ಬಂದಿದ್ದಳು. ಯಾವ ಕೋರ್ಸು ಎಲ್ಲಿದೆ ಎಂದು ಪುಕ್ಕಟೆ ಹೇಳುವ ವೆಬ್‌ಸೈಟು. ಅದರಲ್ಲಿ ಹೆಸರು ಹಾಕಿಸಿ ಅರ್ಜಿ ಕಳಿಸಿ ಹೋಗುವಾಗ ಅಂದಿದ್ದಳು: "ಅಣ್ಣಾರ, ಸೀಟು ಆದ್ರ ಬರೇ ಮೇಲ್‌ನಾಗ ತಿಳಸ್ತಾರಂತ. ಬ್ಯಾರೆ ಎಲ್ಲೂ ಹೇಳಂಗಿಲ್ಲಂತ. ಅಪ್ಪ ಈಗೀಗ ಹೂಂ ಅಂದಾನ. ಒಂದೀಟು ನೋಡ್ತಿರ್ರಿ."

ಮರಿಲಿಂಗ ಮೇಲ್ ಅಳಿಸಲಿಲ್ಲ, ಅವಳ ಖಾತೆಯಿಂದ ಹೊರಬಂದ, ಅಷ್ಟೇ. ಪರದೆ ಬೆಳ್ಳಗಾಯಿತು. ಚಂದ್ರಾಮಪ್ಪನ ಫೋನಿನಿಂದಲೂ ತೆಗೆದ.

"ಆತ್ರಿ."

"ಖಾಯಂ ಬಂದಾತೇನು?"

"ಹ್ಞೂಂ."

ಬಿಳಿ ಪರದೆಗೆ ಒಮ್ಮೆ ತಲೆ ಆಡಿಸಿ ಚಂದ್ರಾಮಪ್ಪ ಗಾಡಿ ಹತ್ತಿ ಹೋದ. ಸಾಲಿನಲ್ಲಿ ಮುಂದಿದ್ದ ಹಣಮಮ್ಮ ಮೇಜಿನ ಮೇಲಿಟ್ಟಿದ್ದ ತನ್ನ ಆಧಾರ್ ಕಾರ್ಡನ್ನು ಮೆಲ್ಲಗೆ ಎತ್ತಿಕೊಂಡಳು. ಸೆರಗಿನಲ್ಲಿ ಒರೆಸಿ ಕುಪ್ಪಸದೊಳಗೆ ಇಟ್ಟುಕೊಂಡಳು. "ನಂದು ನಾಳಿ ನೋಡಮು ತಮ್ಮಾ," ಎಂದಳು. ಅವಳ ಮಗಳಿಗೂ ಒಂದು ಮೇಲ್ ಐಡಿ ಮಾಡಿಕೊಟ್ಟವನು ಮರಿಲಿಂಗನೇ.

ಸಂಜೆಯೊಳಗೆ ಬಸ್‌ಸ್ಟ್ಯಾಂಡಿನ ತುಂಬ ಅವನಿಗೆ ಹೊಸ ಹೆಸರು ಬಿದ್ದಿತ್ತು. "ಏನಲೇ ನಾಕು ಕಿಲೋಮೀಟರ್, ಚಹಾ ಬೇಕೇನು?" ಎಂದು ಲಾಲಮ್ಮನೇ ಕೂಗಿದಳು. ಆಟೋದವರು ಅವನನ್ನು ಕಂಡರೆ ದೇವಕಿಯ ಮಾತಿಲ್ಲದೆ, ಕ್ಯಾಂಪಿನ ಮಾತಿಲ್ಲದೆ ಬರಿಯ ಹಾರ್ನು ನಾಕು ಸಲ ಬಾರಿಸಿದರು. ಅವನು ಚಹಾದ ಗ್ಲಾಸನ್ನು ಬಂಡಿಯ ಮೇಲೆ ಕುಕ್ಕಿದ. ಒಂಬತ್ತನೇ ತರಗತಿಯಲ್ಲಿ ಇಂಗ್ಲಿಷ್ ಮಾಸ್ತರು ಬೋರ್ಡಿನ ಮುಂದೆ ನಿಲ್ಲಿಸಿ ಓದಿಸಿ, ಇಡೀ ವರ್ಗವನ್ನು ನಗಿಸಿದ ದಿನ ಹೀಗೇ ಕಿವಿ ಉರಿದಿತ್ತು. ಅಂದು ಮಾಸ್ತರಿಗೆ ಬಾಯಿಗೆ ಬಂದದ್ದು ಅಂದು, ಪಾಟಿಚೀಲ ಎತ್ತಿಕೊಂಡು ಹೊರಬಿದ್ದಿದ್ದ. ಮತ್ತೆ ಹೋಗಿರಲಿಲ್ಲ. ಈ ಕುರ್ಚಿ ಬಿಟ್ಟು ಎಲ್ಲಿಗೆ ಹೋಗುವುದು?

ಮರುದಿನ ರಾಜಾಸಾಬ ಕಂಪ್ಯೂಟರಿನ ಮುಂದೆ ತಾನೇ ಕುಂತ.

"ನೀ ಎರಡ್ ದಿನ ಜೆರಾಕ್ಸ್ ಮಾಡು."

"ಯಾಕ ಚಾಚಾ?"

"ಮಂದಿ ಕೇಳಾಕತ್ಯಾರ. ಖರೇ ಹೇಳು, ಯಾರಿಗರ ಕೊಟ್ಟಿಯೇನು?"

"ನೀವೂ ಹಂಗೇ ಕೇಳ್ತೀರಾ?"

"ಕೇಳಿದ್ರ ತಪ್ಪೇನೋ? ಕೊಟ್ಟಿಲ್ಲ ಅಂದ್ರ ಕೊಟ್ಟಿಲ್ಲ ಅನ್ನು."

"ಕೊಟ್ಟಿಲ್ಲ!" ಎಂದ ದನಿಗೆ ಜೆರಾಕ್ಸ್ ಮಷೀನಿನ ಹತ್ತಿರ ನಿಂತಿದ್ದ ಗಿರಾಕಿ ಹಿಂದೆ ಸರಿದ.

ಮಧ್ಯಾಹ್ನ ರಾಜಾಸಾಬ ಊಟಕ್ಕೆ ಮನೆಗೆ ಹೋದ. ಬಿಸಿಲಿಗೆ ಊರು ಖಾಲಿಯಾಗಿತ್ತು. ಲಾಲಮ್ಮನ ಎಮ್ಮೆ ಬಸ್‌ಸ್ಟ್ಯಾಂಡಿನ ಕಂಪೌಂಡಿಗೆ ಒರಗಿ, ಯಾವುದೋ ಪ್ರಚಾರದ ಹಾಳೆ ಮೆಲುಕು ಹಾಕುತ್ತಿತ್ತು. ಮರಿಲಿಂಗ ಅದನ್ನೇ ನೋಡುತ್ತ ಬಹಳ ಹೊತ್ತು ನಿಂತ.

"ಅತ್ತೀ, ನಿನ್ನ ಎಮ್ಮಿ ಹೆಸರೇನು?"

"ಚಿನ್ನಿ. ಯಾಕ, ಅದರ ಹೆಸರೂ ಮಾರ್ತಿಯೇನು?"

"ಮಾರಿ ನೋಡ್ತೀನಿ."

ಒಳಗೆ ಹೋಗಿ ಕುರ್ಚಿಯಲ್ಲಿ ಕುಂತ. ಚಿನ್ನಿಯ ಹೆಸರಿನಲ್ಲಿ ಒಂದು ಹೊಸ ಮೇಲ್ ಐಡಿ ಮಾಡಿದ. ಲಾಲಮ್ಮನ ಓಣಿಯ ವಿಳಾಸ ಕೊಟ್ಟ. ಹೆಣ್ಣು ಎಂದು ಒತ್ತಿದ. ದೇವಕಿ ಹೆಸರು ಹಾಕಿಸಿದ ಅದೇ ವೆಬ್‌ಸೈಟಿಗೆ ಹೋಗಿ, ಅವಳಿಗೆ ಮಾಡಿದ್ದನ್ನೇ ಎಮ್ಮೆಗೂ ಮಾಡಿದ. ಬೆರಳು ತಂತಾನೆ ಓಡಿದವು. ಅವನು ಆ ಪುಟಗಳನ್ನು ಎಂದೂ ಓದಿ ತುಂಬಿದವನಲ್ಲ. ತುಂಬಬೇಕಾದ ಯಾವ ಡಬ್ಬಿ ಎಲ್ಲಿದೆ ಎಂಬುದು ಗೊತ್ತು, ಕತ್ತಲಲ್ಲಿ ಮನೆಯ ಗಡಿಗೆ ಎಲ್ಲಿದೆಯೆಂದು ಗೊತ್ತಿರುವ ಹಾಗೆ. ಬೇರೆ ಯಾವ ಕಡೆಗೂ ಈ ಐಡಿಯನ್ನು ಕೊಡಲಿಲ್ಲ, ಯಾರಿಗೂ ಹೇಳಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಅದನ್ನು ತೆಗೆದಾಗ ಚಿನ್ನಿಯ ಮೇಲ್ ತುಂಬಿ ಹರಿದಿತ್ತು. ಚಿನ್ನಿಗೆ ಸಾಲ ಮಂಜೂರಾಗಿತ್ತು. ಚಿನ್ನಿಯ ಕೂದಲು ಉದುರುವುದು ನಿಲ್ಲುತ್ತಿತ್ತು. ಚಿನ್ನಿ ಇಚ್ಛಿಸಿದರೆ ಮನೆಯಲ್ಲಿ ಕುಳಿತೇ ದುಡಿಯಬಹುದಿತ್ತು. ಮತ್ತೆ ಅದೂ ಬಂದಿತ್ತು: 'ಚಿನ್ನಿ ಅವರೇ, ಒಂಟಿಯಾಗಿದ್ದೀರಾ? ನಿಮ್ಮಿಂದ ನಾಲ್ಕು ಕಿಲೋಮೀಟರ್ ದೂರದಲ್ಲಿರುವ ಹುಡುಗನೊಬ್ಬ ನಿಮ್ಮೊಂದಿಗೆ ಮಾತಾಡಲು ಕಾಯುತ್ತಿದ್ದಾನೆ.'

ಮರಿಲಿಂಗ ಮೇಜಿನ ಮೇಲೆ ತಲೆಯಿಟ್ಟು ನಕ್ಕ. ಕಣ್ಣಲ್ಲಿ ನೀರು ಬರುವವರೆಗೆ ನಕ್ಕ. ಪ್ರಿಂಟು ತೆಗೆದು ಲಾಲಮ್ಮನಿಗೆ ಓದಿ ಹೇಳಿದ.

"ಅಯ್ಯ ನನ ಶಿವನ! ಎಮ್ಮಿಗೂ ಗಂಡು ನೋಡಾಕತ್ಯಾರಲ್ಲೋ!" ಎಂದು ಅವಳು ಚಹಾದ ಸೋಸಣಿಗೆ ಹಿಡಿದುಕೊಂಡೇ ಕುಂತುಬಿಟ್ಟಳು. "ಕೋಣ ಯಾವೂರದಂತ ಕೇಳು."

ಹಾಳೆ ಹಿಡಿದು ಈಗಲೇ ಕ್ಯಾಂಪಿಗೆ ಹೋಗಬೇಕು. ಆ ಗುಮಾಸ್ತನನ್ನು ಮಂದಿಯ ನಡುವೆ ನಿಲ್ಲಿಸಿ, ಅವನ ಬಾಯಿಂದಲೇ ಓದಿಸಬೇಕು. ಗಾಡಿ ಮೀಟರ್ ನೋಡಕೋತ ಬಂದಿದ್ಯಲ್ಲ, ಈಗ ಎಮ್ಮಿ ಹಗ್ಗದಿಂದ ಅಳೀ ಅನ್ನಬೇಕು. ಅಲ್ಲಿ ಏನೇನು ಅನ್ನಬೇಕೆಂದು ಅವನು ಜೋಡಿಸಿಕೊಳ್ಳುತ್ತಿದ್ದಾಗಲೇ ರಾಜಾಸಾಬ ಊಟ ಮುಗಿಸಿ ಬಂದ. ಹಾಳೆ ಕೈಗೆ ತೆಗೆದುಕೊಂಡು ಓದಿದ. ಅವನೂ ನಕ್ಕ. ನಕ್ಕು, ಗಡ್ಡ ಕೆರೆದುಕೊಂಡು ಕೇಳಿದ:

"ಬರೋಬ್ಬರಿ ಅದ. ಆದ್ರ ಎಮ್ಮಿ ಹೆಸರು ಅವರಿಗೆ ಹೇಳಿದವ್ರ್ಯಾರೋ?"

"ನಾ... ನಾ ಆ ವೆಬ್‌ಸೈಟಿಗೆ ಒಂದಕ್ಕೇ ಹಾಕೀನಿ."

"ಮತ್ತ ಅವ್ರು ಯಾರಿಗೂ ಕೊಡಂಗಿಲ್ಲಂತ ಬರದಿರ್ತಾರಲ್ಲ. ತೆಗಿ, ನೋಡಮು."

ತೆಗೆದ. ಮೇಲ್ಗಡೆ ಹಸಿರು ಬೀಗದ ಚಿತ್ರ. ಅದರ ಪಕ್ಕ ದುಂಡನೆಯ ಕನ್ನಡದಲ್ಲಿ, 'ನಿಮ್ಮ ಇ-ಮೇಲ್ ಅನ್ನು ನಾವು ಯಾರಿಗೂ ಮಾರುವುದಿಲ್ಲ.' ಈ ಬೀಗ ನೋಡಿಯೇ ಅವನು ಗೋಡೆಗೆ ತನ್ನ ಹಾಳೆ ಹಚ್ಚಿದ್ದು. ಪುಟದ ತಳದಲ್ಲಿ ಇರುವೆ ಸಾಲಿನಂಥ ಇಂಗ್ಲಿಷು, ಅದರ ಮುಂದೆ ಒಂದು ಪುಟ್ಟ ಡಬ್ಬಿ. ಮರಿಲಿಂಗ ಫೋನಿನ ಕ್ಯಾಮೆರಾ ಹಿಡಿದು ಆ ಇಂಗ್ಲಿಷನ್ನು ಕನ್ನಡ ಮಾಡಿಸಿದ. ಫೋನು ತಡವರಿಸುತ್ತ ಹೇಳಿತು: 'ಇಲ್ಲಿ ಗುರುತು ಹಾಕುವ ಮೂಲಕ ನಮ್ಮ ನಂಬಿಕೆಯ ಪಾಲುದಾರರು ಹಾಗೂ ಅವರ ಪಾಲುದಾರರು ನಿಮ್ಮನ್ನು ಸಂಪರ್ಕಿಸಲು ನೀವು ಒಪ್ಪಿಗೆ ನೀಡುತ್ತೀರಿ.'

"ಮಾರಂಗಿಲ್ಲ ಅಂದದ್ದು ಖರೇನೇ ಅದ," ಎಂದ ರಾಜಾಸಾಬ. "ಪಾಲಿಗೆ ಹಾಕ್ಯಾರ."

"ಈ ಡಬ್ಬಿ ಬಿಟ್ರ ಫಾರಂ ಮುಂದ ಹೋಗಂಗಿಲ್ಲ ಚಾಚಾ."

"ಬಿಟ್ಟು ನೋಡೀಯೇನು?"

ಬಿಟ್ಟು ನೋಡಿರಲಿಲ್ಲ. ಈಗ ಡಬ್ಬಿ ಖಾಲಿ ಬಿಟ್ಟು ಒತ್ತಿದ. ಫಾರಂ ಗಳಿಗೆಯೂ ತಡೆಯದೆ ಮುಂದೆ ಹೋಯಿತು.

ರಾಜಾಸಾಬ ಸ್ಟೂಲಿನ ಮೇಲೆ ಕುಂತ. ಕಂಪ್ಯೂಟರು ಬರುವ ಮೊದಲು ಅವನು ತಹಸೀಲ್ ಕಚೇರಿಯ ಬೇವಿನ ಮರದ ಕೆಳಗೆ ಅರ್ಜಿ ಬರೆಯುತ್ತಿದ್ದವನು. ಒಂದು ಡಬ್ಬಿ ಖಾಲಿ ಉಳಿದರೂ ಅರ್ಜಿ ವಾಪಸು ಬರುತ್ತಿತ್ತು, ಬಡವರು ಮತ್ತೊಂದು ದಿನದ ಕೂಲಿ ಬಿಟ್ಟು ಬರಬೇಕಾಗುತ್ತಿತ್ತು. ಮರಿಲಿಂಗ ಕೆಲಸಕ್ಕೆ ಸೇರಿದ ದಿನ ಅವನು ಕಲಿಸಿದ ಮೊದಲ ಪಾಠ ಅದೇ: ಡಬ್ಬಿ ಕಂಡ್ರ ತುಂಬು, ಖಾಲಿ ಬಿಡಬ್ಯಾಡ.

"ನಾನೇ ಹೇಳಿದ್ದೆ," ಎಂದ ರಾಜಾಸಾಬ. 

ಮರಿಲಿಂಗನ ನಗು ಎಲ್ಲೋ ಹೋಗಿತ್ತು. ಹಣಮಮ್ಮನ ಮಗಳು. ಬೋನಾಳದಿಂದ ಬರುವ ಹುಡುಗರು. ರಾಮಸಮುದ್ರದ ಅಂಗನವಾಡಿ ಅಕ್ಕ. ಒಬ್ಬೊಬ್ಬರ ಮುಖವೂ ಕಣ್ಣಿಗೆ ಕಟ್ಟಿತು. ಎಲ್ಲರ ಡಬ್ಬಿಗೂ ಗುರುತು ಒತ್ತಿದ್ದು ಇದೇ ಬೆರಳು. ಮೇಲಿನ ಕಾಲುವೆಯಲ್ಲಿ ಒಬ್ಬ ಸುಮ್ಮನೆ ಗೇಟಿನ ಹಲಗೆ ಎತ್ತಿ ಹೋದರೆ ಕೆಳಗೆ ಯಾರ್ಯಾರ ಹೊಲಕ್ಕೆ ನೀರು ನುಗ್ಗುತ್ತದೋ ಅವನಿಗೇನು ಗೊತ್ತು? ಕೈಯಲ್ಲಿದ್ದ ಚಿನ್ನಿಯ ಹಾಳೆಯನ್ನು ಅವನು ಇನ್ನೊಮ್ಮೆ ನೋಡಿದ. ಮಾರಿಲ್ಲ ಎಂದು ಅದು ಸಾರಿ ಹೇಳುತ್ತಿತ್ತು. ಕೊಟ್ಟವ ಯಾರು ಎಂದೂ ಹೇಳುತ್ತಿತ್ತು. ಆದರೂ ಮಡಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡ. ಬಸ್‌ಸ್ಟ್ಯಾಂಡಿನ ಮಂದಿಗೆ ಮೊದಲಿನ ಅರ್ಧ ಸಾಕಿತ್ತು.

ಆಗ ದೇವಕಿಯ ಸೀಟು ನೆನಪಾಯಿತು.

ಸಿಮ್ ಮುರಿದ ಮೇಲೆ ಅವಳಿಗೆ ಫೋನಿಲ್ಲ. ಅವಳ ಅಪ್ಪನ ಪಾಲಿಗೆ ಆ ಮೇಲ್ ಸತ್ತಿದೆ. ಅದು ಬದುಕಿದೆಯೆಂದು ಗೊತ್ತಿರುವವನು, ಅದರ ಪಾಸ್‌ವರ್ಡ್ ಬಲ್ಲವನು ತಾನೊಬ್ಬನೇ. ತೆಗೆದರೆ, ಮಂದಿಯ ಹೆಣ್ಣುಮಕ್ಕಳ ಮೇಲ್ ಕದ್ದು ಓದುವವನು ಎಂದು ಅನ್ನಲು ಚಂದ್ರಾಮಪ್ಪನಿಗೆ ತಾನೇ ದಾರಿ ಮಾಡಿಕೊಟ್ಟಂತೆ. ತೆಗೆಯದಿದ್ದರೆ? ಅವನು ಎದ್ದು ಜೆರಾಕ್ಸ್ ಮಷೀನಿನ ತನಕ ಹೋದ. ಮರಳಿ ಬಂದ. ಕುಡಿಯುವ ನೀರಿನ ಕೊಡದ ಮುಚ್ಚಳ ತೆಗೆದು, ಕುಡಿಯದೆ ಮತ್ತೆ ಮುಚ್ಚಿದ.

"ತೆಗಿಯೋ," ಎಂದ ರಾಜಾಸಾಬ, ಅವನತ್ತ ನೋಡದೆ. "ನಾ ಬಾಜೂಕ ಕುಂತೀನಿ."

ತೆಗೆದ. ಸಾಲ, ಕೂದಲು, ವರ, ಲಾಟರಿ, ಮತ್ತೆ ಸಾಲ. ನಾಕು ಕಿಲೋಮೀಟರಿನ ಹುಡುಗ ದಿನಾ ಬಂದು ಹೋಗಿದ್ದ. ಹೊಲಸಿನ ನಡುವೆ, ಒಂದು ಕೊಡುಗೆಯ ಸೀರೆಗೂ ಒಂದು ಜ್ಯೋತಿಷಿಗೂ ಮಧ್ಯೆ, ರಾಯಚೂರಿನ ಟ್ರಸ್ಟಿನ ಹೆಸರಿತ್ತು. ದೇವಕಿಗೆ ಸೀಟು ಆಗಿದೆ. ಮೂಲ ಪ್ರಮಾಣಪತ್ರಗಳೊಂದಿಗೆ ನಾಳೆ ಬೆಳಿಗ್ಗೆ ಹತ್ತಕ್ಕೆ ಹಾಜರಾಗಬೇಕು. ತಪ್ಪಿದರೆ ಸೀಟು ಬೇರೆಯವರಿಗೆ.

ಕಾಗದ ಪ್ರಿಂಟರಿನಿಂದ ಪೂರ್ತಿ ಹೊರಬರುವ ಮೊದಲೇ ಅವನು ಎಳೆದುಕೊಂಡ.

ಕ್ಯಾಂಪಿನ ಗೇಟಿನ ಹತ್ತಿರ ರಾಜಾಸಾಬನ ಗಾಡಿ ನಿಲ್ಲಿಸಿದಾಗ ಬಿಸಿಲು ಇಳಿದಿತ್ತು. ಮೀಟರ್ ನೋಡಬಾರದೆಂದುಕೊಂಡರೂ ಕಣ್ಣು ಹೋಯಿತು. ನಾಕು ದಾಟಿ ಮುಂದಿತ್ತು. ಒಂದೇ ನಮೂನೆಯ ಹಳೆಯ ಕ್ವಾರ್ಟರ್ಸು, ಬೇವಿನ ಗಿಡ, ಸಾಲಾಗಿ ನಿಂತ ನಳದ ಕೊಡಗಳು. ಚಂದ್ರಾಮಪ್ಪ ತನ್ನ ಮನೆಯ ಮುಂದೆ ಕುರ್ಚಿ ಹಾಕಿಕೊಂಡು, ಕಾಲುವೆ ಗೇಟು ಕಾಯುವ ಸುಲ್ತಾನಸಾಬ ಮತ್ತಿಬ್ಬರೊಡನೆ ಮಾತಾಡುತ್ತಿದ್ದ. ಅವನ ಹೆಂಡತಿ ಬಸ್ಸಮ್ಮ ಹೊಸ್ತಿಲಲ್ಲಿ ಮೊರ ಹಿಡಿದು ತೊಗರಿಬೇಳೆ ಹಸನು ಮಾಡುತ್ತಿದ್ದಳು.

"ಬಂದ್ಯಾ?" ಎಂದ ಚಂದ್ರಾಮಪ್ಪ. "ನೋಡ್ರಿ, ನಾಕು ಕಿಲೋಮೀಟರ್ ದೂರ ಕುಂತು ಕಾಯದು ಸಾಲದಾಗಿ ಬಾಗಲಿಗೇ ಬಂದಾನ!"

"ಸರ್, ತಂಗೀಗಿ ಸೀಟು ಆಗ್ಯಾದ್ರಿ. ನಾಳಿ ಹತ್ತಕ್ಕ ರಾಯಚೂರಾಗ ಇರಬೇಕು." ಕಾಗದ ಚಾಚಿದ.

ಚಂದ್ರಾಮಪ್ಪ ಕಾಗದ ದೂರ ಹಿಡಿದು ಓದಿದ. ಬಸ್ಸಮ್ಮನ ಮೊರ ನಿಂತಿತು. ಬಾಗಿಲ ಚೌಕಟ್ಟಿನ ಮೇಲೆ ಒಳಗಿನಿಂದ ಯಾರದೋ ಬೆರಳುಗಳು ಬಂದು ಹಿಡಿದುಕೊಂಡವು.

"ಮೇಲ್ ಖಾಯಂ ಬಂದ್ ಮಾಡೀನಿ ಅಂದಿದ್ದಿ. ಇದೆಲ್ಲಿಂದ ಬಂತು?"

ಮರಿಲಿಂಗ ಕಾಗದದಲ್ಲಿನ ತಾರೀಖಿನತ್ತ ಬೆರಳು ಮಾಡಿದ.

"ಸುಲ್ತಾನಸಾಬ್, ಕೇಳ್ರಿ! ನನ್ನೆದುರಿಗಿ ಬಂದ್ ಮಾಡಿದಂಗ ಮಾಡಿ, ಹಿಂದ ಕುಂತು ದಿನಾ ಓದಾಕತ್ಯಾನ. ಕಳ್ಳ ತಾನಾಗೇ ಸಿಕ್ಕ. ಮೂರು ಮಂದಿ ಸಾಕ್ಷಿ ಅದೀರಿ."

"ಸೀಟು ಆಗ್ಯಾದಂತಲ್ರೀ..." ಎಂದಳು ಬಸ್ಸಮ್ಮ.

"ಸುಮ್ಕಿರು ನೀ!"

ಪಕ್ಕದ ಮನೆಯವರು ಹೊರಗೆ ಬಂದರು. ನಳದ ಹತ್ತಿರದ ಹೆಂಗಸರು ಕೊಡ ಕೆಳಗಿಟ್ಟರು. ಮರಿಲಿಂಗನ ಕಿವಿಗೆ ಮತ್ತೆ ಬೆಂಕಿ ಬಿತ್ತು. ಅವನ ಕೈ ಜೇಬಿಗೆ ಹೋಯಿತು. ಚಿನ್ನಿಯ ಹಾಳೆ ಬೆರಳಿಗೆ ಹತ್ತಿತು. ಇದನ್ನು ಬಿಚ್ಚಿ ಓದಿದರೆ ಇಲ್ಲಿರುವ ಒಬ್ಬೊಬ್ಬರೂ ಹೊಟ್ಟೆ ಹಿಡಿದು ನಗುತ್ತಾರೆ. ನಾಳೆಯಿಂದ ಆಫೀಸಿನಲ್ಲಿ ಈ ಗುಮಾಸ್ತನಿಗೇ ಎಮ್ಮೆಯ ಹೆಸರು ಬೀಳುತ್ತದೆ. ಹಾಳೆ ಅರ್ಧ ಹೊರಗೆ ಬಂದಿತ್ತು.

"ಇಂಥೋನು ಇರೋ ಊರಾಗ ನನ್ನ ಮಗಳ್ನ ಇನ್ನ ಒಂದಿನಾನೂ ಇಡಂಗಿಲ್ಲ!" ಚಂದ್ರಾಮಪ್ಪ ಕುರ್ಚಿಯಿಂದ ಎದ್ದಿದ್ದ. ರಾಯಚೂರಿನ ಕಾಗದ ಅವನ ಮುಷ್ಟಿಯಲ್ಲಿತ್ತು. "ನಸುಕಿನ ಬಸ್ಸಿಗೇ ಹೊಂಡಸ್ತೀನಿ. ನಾನೇ ಹೋಗಿ ಬಿಟ್ಟು ಬರ್ತೀನಿ. ನಾಕು ಕಿಲೋಮೀಟರಲ್ಲಲೇ, ನೂರು ಕಿಲೋಮೀಟರ್ ದೂರ ಇಡ್ತೀನಿ ನಿನ್ನಿಂದ! ಹೆಂಗ ಮಾತಾಡ್ತಿ, ಮಾತಾಡು!"

ಚೌಕಟ್ಟಿನ ಮೇಲಿದ್ದ ಬೆರಳುಗಳು ಮಾಯವಾದವು. ಒಳಗೆ ಮಂಚದ ಕೆಳಗಿನಿಂದ ಟ್ರಂಕೊಂದನ್ನು ಎಳೆದ ಸದ್ದು ಕೇಳಿಸಿತು. ಬಸ್ಸಮ್ಮ ಮೊರ ಬಿಟ್ಟು ಎದ್ದು ಒಳಗೆ ಹೋದಳು.

ಈ ಸಿಟ್ಟು ಇಳಿದರೆ ಆ ಟ್ರಂಕು ಮತ್ತೆ ಮಂಚದ ಕೆಳಗೆ ಹೋಗುತ್ತದೆ. ಮರಿಲಿಂಗ ಹಾಳೆಯನ್ನು ಜೇಬಿನೊಳಕ್ಕೆ ಒತ್ತಿದ.

"ಬಾಯಿ ಬಿಡಲೇ! ನನ್ನ ಮಗಳ ಹೆಸರು ಕೊಟ್ಟವ ನೀನೋ ಅಲ್ಲೋ? ಎಲ್ಲರೆದುರು ಹೇಳಿ ಹೋಗು."

ಸುಲ್ತಾನಸಾಬ ಕತ್ತು ಮುಂದೆ ಮಾಡಿ ಅವನ ಮುಖವನ್ನೇ ನೋಡುತ್ತಿದ್ದ. ನಳದಲ್ಲಿ ನೀರು ಬಂದು ಯಾರದೋ ಕೊಡ ತುಂಬಿ ಹೊರಚೆಲ್ಲುತ್ತಿದ್ದರೂ ಯಾರೂ ಅದನ್ನು ಸರಿಸಲಿಲ್ಲ. ಒಳಗೆ ಟ್ರಂಕಿನ ಮುಚ್ಚಳ ತೆರೆದುಕೊಂಡಿತು.

ಮರಿಲಿಂಗ ತಿರುಗಿ ಗೇಟಿನ ಕಡೆಗೆ ನಡೆದ.

"ನೋಡ್ರಿ, ಬಾಯಿ ಅದ ಏನು?" ಎಂದು ಹಿಂದಿನಿಂದ ದನಿ ಬಂತು. ಯಾರೋ ನಕ್ಕರು. ಗೇಟಿನಾಚೆ ರಾಜಾಸಾಬನ ಗಾಡಿ ನಿಂತಿತ್ತು. ಅದರಾಚೆ ಕಾಲುವೆ, ದಂಡೆಯ ತನಕ ತುಂಬಿಕೊಂಡು, ಸದ್ದಿಲ್ಲದೆ ಕೆಳಗಿನ ಊರುಗಳತ್ತ ಹೊರಟಿತ್ತು. ಅವನು ನಡೆಯುತ್ತಲೇ ಇದ್ದ. ಒಂದೊಂದು ಹೆಜ್ಜೆಗೂ ಜೇಬಿನೊಳಗಿನ ಹಾಳೆ ಸರಸರ ಅನ್ನುತ್ತಿತ್ತು.